ಆ ಸೀನ್ ಇತ್ತೋ, ಇರಲಿಲ್ಲವೋ: ಹಳೇ ಪಿಕ್ಚರ್ ತಕರಾರಿನ ಹಿನ್ನೆಲೆ

ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ಐವತ್ತು ದಾಟಿದ ನಾಲ್ಕು ಜನ ಗೆಳೆಯರು ಭಾನುವಾರ ಹಳೇ ಸಿನಿಮಾ ಹಾಕಿಕೊಂಡು ಕೂತರೆ ಇಂಟರ್‌ವಲ್ಲಿಗೆ ಮೊದಲೇ ತಕರಾರು ಏಳುತ್ತದೆ. 'ಇಲ್ಲೊಂದು ಸೀನ್ ಇತ್ತಲ್ಲ, ಎಲ್ಲಿ ಹೋಯ್ತು ಮಾರಾಯ?' 'ಇರ್ಲೇ ಇಲ್ಲ ಬಿಡೋ, ಬೇರೆ ಪಿಕ್ಚರ್ ಜೊತೆ ಕಲಸ್ಕೊಂಡಿದೀಯ.' ಎಷ್ಟೋ ಸಲ ಇಬ್ಬರದೂ ನಿಜವೇ. ಒಬ್ಬ ನೋಡಿದ್ದು ಪೇಟೆಯ ಟಾಕೀಸಿನಲ್ಲಿ, ಇನ್ನೊಬ್ಬ ನೋಡಿದ್ದು ಊರ ಹೊರಗಿನ ಟೆಂಟಿನಲ್ಲಿ. ಈಗ ಮುಂದಿರುವುದು ಮೂರನೆಯದೇ ಕಾಪಿ.

ಲೆಕ್ಕ ರೀಲಿನಿಂದ ಶುರು. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ, ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ರೀಲು ಬರುವುದು 11 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಅಂದರೆ 14 ರೀಲು. ಪ್ರಿಂಟ್ ಹಾಕಿಸುವುದು ದುಬಾರಿ ಬಾಬತ್ತು, ಹಾಗಾಗಿ ಇದ್ದ ಕೆಲವೇ ಪ್ರಿಂಟುಗಳು ಬೆಂಗಳೂರು, ಮೈಸೂರು ಮುಗಿಸಿ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಕೊನೆಗೆ ಟೆಂಟಿಗೆ ಇಳಿಯುತ್ತಿದ್ದವು. ಅಷ್ಟರಲ್ಲಿ ಸವೆದಿರುತ್ತಿದ್ದದ್ದು ಹೆಚ್ಚಾಗಿ ರೀಲಿನ ತಲೆ ಮತ್ತು ಬಾಲ. ಪ್ರತಿ ಆಟಕ್ಕೂ ಪ್ರೊಜೆಕ್ಟರಿಗೆ ಪೋಣಿಸುವಾಗ ಕೈ ತಾಗುವುದು, ನೆಲಕ್ಕೆ ಉಜ್ಜುವುದು ಆ ತುದಿಗಳೇ. ಹರಿದ ಕಡೆ ಆಪರೇಟರ್ ಕತ್ತರಿಸಿ, ಅಂಚು ಕೆರೆದು, ಫಿಲ್ಮ್ ಸಿಮೆಂಟ್ ಹಚ್ಚಿ ಅಂಟಿಸುತ್ತಿದ್ದ. ಒಂದೊಂದು ಜೋಡಣೆಗೂ ಕೆಲವು ಫ್ರೇಮ್ ಹೋಗುತ್ತಿತ್ತು. ಫಿಲ್ಮಿನ ಮೇಲೆ ಧ್ವನಿಯ ಪಟ್ಟಿ ಅದರ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಇರುವುದರಿಂದ, ತುಂಡಾದ ಕಡೆ ಚಿತ್ರ ಒಮ್ಮೆ ಜಿಗಿಯುತ್ತದೆ, ಮಾತು ಇನ್ನೊಮ್ಮೆ ಜಿಗಿಯುತ್ತದೆ, ನಡುವೆ ಸೆಕೆಂಡಿಗೂ ಕಡಿಮೆ ಅಂತರ. ಹೀರೋ ಬಾಯಿ ತೆರೆಯುವುದಕ್ಕೂ ಡೈಲಾಗಿಗೂ ಗಳಿಗೆ ತಾಳ ತಪ್ಪುತ್ತಿದ್ದದ್ದು ಇದಕ್ಕೇ. ಎಷ್ಟೋ ಟೆಂಟುಗಳಲ್ಲಿ ಪ್ರೊಜೆಕ್ಟರ್ ಒಂದೇ. ರೀಲು ಮುಗಿದರೆ ದೀಪ ಹತ್ತಿಸಿ, ಇನ್ನೊಂದು ಪೋಣಿಸುವ ತನಕ ನೆಲದವರೂ ಬೆಂಚಿನವರೂ ಕಡಲೆಕಾಯಿ ಸುಲಿಯುತ್ತ ಕಾಯಬೇಕಿತ್ತು.

ಹಾಸನದವರ ಮಾತಿನಲ್ಲಿ ತಪ್ಪದೆ ಬರುವ 'ಭೂತಯ್ಯನ ಮಗ ಅಯ್ಯು' (1974) ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ. ಲೋಕನಾಥರ ಉಪ್ಪಿನಕಾಯಿ ದೃಶ್ಯ ಎಲ್ಲರಿಗೂ ಬಾಯಿಪಾಠ. ಆದರೆ ಅದರ ಹಿಂದೆ ಮುಂದೆ ಏನಿತ್ತು ಎಂದು ಕೇಳಿ ನೋಡಿ, ನಾಲ್ವರದು ನಾಲ್ಕು ಉತ್ತರ.

ಬಣ್ಣದ ಕಥೆ ಬೇರೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 1964ರ 'ಅಮರಶಿಲ್ಪಿ ಜಕಣಾಚಾರಿ', ಬೇಲೂರಿನವರಿಗೆ ಮನೆಯ ಸಂಗತಿ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ಹಸಿರು-ನೀಲಿ ಪದರ ಬೇಗ ಮಾಸುತ್ತದೆ. ಉಳಿಯುವುದು ಕೆಂಪು ಛಾಯೆ. ಹಳೇ ಬಣ್ಣದ ಚಿತ್ರವೆಂದರೆ ಕೆಂಪಗೇ ಇರುತ್ತಿತ್ತು ಎಂದು ನಂಬಿದವರು ನೋಡಿದ್ದು ಬಣ್ಣ ಬಿಟ್ಟ ಪ್ರಿಂಟನ್ನು.

ದೊಡ್ಡ ಕತ್ತರಿ ಬಿದ್ದದ್ದು ಟಿವಿಯಲ್ಲಿ. ಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರದ ಅಗಲ ಎತ್ತರದ 2.35 ಪಟ್ಟು, ಹಳೇ ಡಬ್ಬ ಟಿವಿಯದು 1.33. ಪರದೆ ತುಂಬಿಸಲು ಹೋದರೆ ಅಕ್ಕಪಕ್ಕದ ಶೇ 43ರಷ್ಟು ಚಿತ್ರ ಹೊರಗೇ ಉಳಿಯುತ್ತದೆ. ಎರಡು ತುದಿಯಲ್ಲಿ ನಿಂತು ಮಾತಾಡುವ ಇಬ್ಬರ ನಡುವಿನ ಗೋಡೆ ಮಾತ್ರ ಕಾಣುವುದು ಹೀಗೆ. ಜೊತೆಗೆ ನಮ್ಮ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮಿನದು. 24ರ ಚಿತ್ರವನ್ನು ನೇರ ಅದಕ್ಕೇರಿಸಿದರೆ ಶೇ 4ರಷ್ಟು ವೇಗ ಹೆಚ್ಚಿ, 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತದೆ; ಹಾಡಿನ ಶ್ರುತಿಯೂ ಅರ್ಧ ಸ್ವರಕ್ಕೆ ಸ್ವಲ್ಪ ಕಮ್ಮಿ ಅನ್ನುವಷ್ಟು ಏರುತ್ತದೆ. ಕ್ಯಾಸೆಟ್ಟಿಗೂ ವಿಸಿಡಿಗೂ ಹೋದದ್ದು ಈ ರೂಪವೇ. ಮಲೆನಾಡಿನಲ್ಲಿ ಕ್ಯಾಸೆಟ್ಟಿಗೆ ಇನ್ನೊಂದು ಶತ್ರು ಮಳೆಗಾಲ: ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು. ಅದನ್ನು ಹಾಗೇ ಹಾಕಿದರೆ ವಿಸಿಆರ್‌ನ ಹೆಡ್ಡಿಗೆ ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೇ ಕ್ಯಾಸೆಟ್ಟಿಗೂ ಅಂಟುತ್ತದೆ.

ಆಮೇಲೆ ಬಂದದ್ದು ಹೊಸ ಅವತಾರಗಳ ಕಾಲ. 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂದವು. 'ನಾಗರಹಾವು' 2018ರಲ್ಲಿ ಸ್ಕೋಪ್ ರೂಪದಲ್ಲಿ ಬಂತು. ಜನ ಸೀಟಿ ಹೊಡೆದು ನೋಡಿದರು, ಅದು ಬೇರೆ ಮಾತು. ಚೌಕದ ಚಿತ್ರವನ್ನು ಕತ್ತರಿಸಿ ಅಗಲದ ಪರದೆಗೆ ಕೂರಿಸಿದರೆ ಈ ಸಲ ಹೋಗುವುದು ಮೇಲೆ ಕೆಳಗೆ, ತಲೆಗೂದಲು ಮತ್ತು ಕಾಲು. ಕಪ್ಪುಬಿಳುಪಿನ ಬೆಳಕಿನ ಲೆಕ್ಕಕ್ಕೆ ತೆಗೆದ ದೃಶ್ಯಕ್ಕೆ ಬಣ್ಣ ಹಚ್ಚುವುದಂತೂ ನಮಗೆ ರುಚಿಸದು.

ತಕರಾರು ಬಗೆಹರಿಸಲು ಸೆನ್ಸಾರ್ ಸರ್ಟಿಫಿಕೇಟ್ ನೋಡಿ. ಚಿತ್ರದ ಮೊದಲಿಗೆ ಬರುವ ಆ ಹಾಳೆಯನ್ನು ನಿಲ್ಲಿಸಿ ನೋಡಿದರೆ ಮೀಟರಿನಲ್ಲಿ ಉದ್ದ ಇರುತ್ತದೆ. ಅದನ್ನು 27.4ರಿಂದ ಭಾಗಿಸಿದರೆ ನಿಮಿಷ: 4,110 ಮೀಟರ್ ಅಂದರೆ 150. ಎಡ ಮೂಲೆಯಲ್ಲಿ ತ್ರಿಕೋನ ಇದ್ದರೆ ಮಂಡಳಿಯೇ ಕತ್ತರಿ ಹಾಕಿಸಿದೆ. ನಿಮ್ಮ ಕಾಪಿ 144 ನಿಮಿಷ ಇದ್ದರೆ ಏನೂ ಹೋಗಿಲ್ಲ, ಬರೀ ವೇಗ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 0.96ಕ್ಕೆ ಇಳಿಸಿದರೆ ನಡೆ ಸರಿಹೋಗುತ್ತದೆ. ಅದೇ ವೇಗದ ಕಾಪಿ 144ರ ಬದಲು 131 ಇದ್ದರೆ 13 ನಿಮಿಷ ಯಾರೋ ಹಾರಿಸಿದ್ದಾರೆ, ಮೊದಲು ಹಾಡುಗಳನ್ನು ಎಣಿಸಿ. ಅಪ್‌ಲೋಡ್ ಮಾಡಿದವರು ಸರ್ಟಿಫಿಕೇಟನ್ನೇ ಕತ್ತರಿಸಿ ಎಸೆದಿದ್ದರೆ ಇನ್ನೊಂದು ಕಾಪಿ ಹುಡುಕಿ, ಅಲ್ಲಿಯ ತನಕ ಇಬ್ಬರಿಗೂ ಸೋಲಿಲ್ಲ.