ಊಟದ ಲೆಕ್ಕವನ್ನು ಬೇಸಲ್‌ಗೆ ಹಾಕಬೇಡಿ

ಕಳೆದ ವಾರವೂ ಅದೇ ಆಯಿತು. ಟೈಪ್ 1 ಡಯಾಬಿಟೀಸ್ ಇರುವ ಹುಡುಗನ ತಾಯಿ ಫೋನಿನಲ್ಲಿ ಸೆನ್ಸಾರ್ ಗ್ರಾಫ್ ತೋರಿಸಿ, "ಡಾಕ್ಟ್ರೇ, ರಾತ್ರಿ ಹತ್ತೂವರೆಗೆ 260 ಇತ್ತು. ಅದಕ್ಕೇ ಪಂಪ್‌ನಲ್ಲಿ ಹತ್ತು ಗಂಟೆಯ ಬೇಸಲ್ ಜಾಸ್ತಿ ಮಾಡಿದೆ" ಎಂದರು. ಬೇಸಲ್ ಅಂದರೆ ಪಂಪ್ ದಿನವಿಡೀ ಗಂಟೆಗೆ ಇಷ್ಟು ಅಂತ ಸ್ವಲ್ಪ ಸ್ವಲ್ಪವಾಗಿ ಬಿಡುವ ಇನ್ಸುಲಿನ್. ಊಟಕ್ಕೆ ಅಂತ ಒಮ್ಮೆಲೇ ಕೊಡುವುದು ಬೋಲಸ್. ಊಟ ಎಷ್ಟು ಹೊತ್ತಿಗೆ ಅಂತ ಕೇಳಿದೆ. ಒಂಬತ್ತಕ್ಕೆ. ಅನ್ನ ಸಾರು, ಆಮೇಲೆ ಮೊಸರನ್ನ. ಬೋಲಸ್? ಊಟ ಮುಗಿದ ಮೇಲೆ, ಅದೂ ಮೊದಲು ಬಡಿಸಿದ ಅನ್ನಕ್ಕೆ ಮಾತ್ರ.

ಅಂದರೆ ಆ 260 ಅನ್ನದ್ದು. ಆದರೆ ಏರಿಸಿದ ಬೇಸಲ್ ರಾತ್ರಿಯೆಲ್ಲ ಒಳಗೆ ಹೋಗುತ್ತಲೇ ಇತ್ತು. ಮೂರು ಗಂಟೆಗೆ ಹುಡುಗ ಬೆವೆತು ಎದ್ದ. ಶುಗರ್ 58. ಗಾಬರಿಯಲ್ಲಿ ಸಕ್ಕರೆ ನೀರು, ಬಿಸ್ಕತ್ತು, ಮೇಲೊಂದು ಲೋಟ ಹಾಲು. ಬೆಳಿಗ್ಗೆ 280. ಅದನ್ನು ನೋಡಿ ಬೆಳಗಿನ ಬೇಸಲನ್ನೂ ಏರಿಸಿದ್ದರು. ಪಾಪ, ನಾಲ್ಕು ರಾತ್ರಿಯಿಂದ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಬೇಸಲ್ ಊಟಕ್ಕಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ನಾವು ಏನೂ ತಿನ್ನದಿದ್ದರೂ ಲಿವರ್ ಸುಮ್ನೆ ಕೂರುವುದಿಲ್ಲ, ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಬೇಸಲ್ ಇರುವುದು ಆ ಸಕ್ಕರೆಗೆ. ಅನ್ನ, ಮುದ್ದೆ, ದೋಸೆ, ಸಂಜೆಯ ಕಾಫಿ ಎಲ್ಲದರ ಲೆಕ್ಕ ಬೋಲಸ್‌ಗೆ. ಬೇಸಲ್ ಸರಿ ಇದೆಯಾ ಅಂತ ಗೊತ್ತಾಗುವುದು ಊಟ ಬಿಟ್ಟಾಗ. ಕೊನೆಯ ಊಟ, ಕೊನೆಯ ಬೋಲಸ್ ಆಗಿ ನಾಲ್ಕು ಗಂಟೆ ಕಳೆದ ಮೇಲೆ ಶುಗರ್ 30ಕ್ಕಿಂತ ಜಾಸ್ತಿ ಏರಬಾರದು, ಇಳಿಯಲೂಬಾರದು.

ಶುರುವಿನ ಲೆಕ್ಕ ಸುಲಭ. ಇಂಜೆಕ್ಷನ್‌ನಲ್ಲಿ ದಿನಕ್ಕೆ ಒಟ್ಟು 48 ಯೂನಿಟ್ ಇನ್ಸುಲಿನ್ ಇತ್ತು ಅಂದುಕೊಳ್ಳಿ. ಪಂಪ್‌ಗೆ ಬರುವಾಗ ಸಾಮಾನ್ಯವಾಗಿ ಕಾಲು ಭಾಗ ಕಡಿಮೆ ಮಾಡುತ್ತೇವೆ, 36. ಅದರಲ್ಲಿ ಅರ್ಧ, ಅಂದರೆ 18, ಬೇಸಲ್‌ಗೆ. 24 ಗಂಟೆಗೆ ಹಂಚಿದರೆ ಗಂಟೆಗೆ 0.75. ಅನ್ನ ಜಾಸ್ತಿ ತಿನ್ನುವ ಮನೆಗಳಲ್ಲಿ ಅರ್ಧಕ್ಕಿಂತ ಕಡಿಮೆಯೇ ಸಾಕಾಗಬಹುದು. ಮಕ್ಕಳಿಗೆ, ಗರ್ಭಿಣಿಯರಿಗೆ ಈ ಲೆಕ್ಕ ಬೇರೆ. ನಿಮ್ಮ ಅಂಕಿಯನ್ನು ನಿಮ್ಮ ಡಾಕ್ಟರೇ ಹೇಳಬೇಕು. ಪಕ್ಕದ ಮನೆಯವರ ಸೆಟ್ಟಿಂಗ್ ದಯವಿಟ್ಟು ಹಾಕಿಕೊಳ್ಳಬೇಡಿ.

ಬೇಸಲ್ ಪರೀಕ್ಷೆಯನ್ನು ರಾತ್ರಿಯಿಂದ ಶುರು ಮಾಡಿ. ಬೇಗ ಊಟ ಮಾಡಿ, ಮಲಗುವಾಗ, ನಡುರಾತ್ರಿ, ಮೂರಕ್ಕೆ, ಎದ್ದಾಗ ಶುಗರ್ ನೋಡಿ. ಬೆಳಿಗ್ಗೆ ಐದರಿಂದ ಏರುತ್ತಿದ್ದರೆ ಐದರ ಬೇಸಲ್ ಮುಟ್ಟಬೇಡಿ, ಮೂರರದ್ದನ್ನು ಏರಿಸಿ. ಬದಲಾವಣೆ ಶುಗರ್‌ನಲ್ಲಿ ಕಾಣಲು ಒಂದೆರಡು ಗಂಟೆ ಬೇಕು. ಒಂದು ಸಲಕ್ಕೆ ಶೇಕಡಾ 10ರಷ್ಟು, ಆಮೇಲೆ ಎರಡು ಮೂರು ದಿನ ಕಾಯಿರಿ. ಜ್ವರ ಇದ್ದರೆ, ಹಿಂದಿನ ದಿನ ಶುಗರ್ ಲೋ ಆಗಿದ್ದರೆ ಪರೀಕ್ಷೆ ಬೇಡ. ನಡುವೆ 70ಕ್ಕಿಂತ ಇಳಿದರೆ ಅಲ್ಲಿಗೇ ನಿಲ್ಲಿಸಿ ಗ್ಲೂಕೋಸ್ ತೆಗೆದುಕೊಳ್ಳಿ. 250 ದಾಟಿದರೆ ಮೊದಲು ಕ್ಯಾನುಲಾ (ಚರ್ಮದೊಳಗೆ ಇನ್ಸುಲಿನ್ ಬಿಡುವ ತೆಳು ಕೊಳವೆ) ನೋಡಿ, ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಏರುವ ಆಮ್ಲ) ನೋಡಿ. ಪಂಪ್‌ನಲ್ಲಿ ದೀರ್ಘಕಾಲದ ಇನ್ಸುಲಿನ್ ಇಲ್ಲ ಅಲ್ವಾ, ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರುತ್ತದೆ. ಪಂಪ್ ತಾನೇ ಬೇಸಲ್ ಹೊಂದಿಸುವ ಆಟೋ ಮೋಡ್‌ನಲ್ಲಿದ್ದರೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ನನ್ನಲ್ಲಿ ಬರುವ ಒಬ್ಬ ಟೀಚರ್ ಇದ್ದಾರೆ. "ಪ್ರತಿ ಏಕಾದಶಿಗೂ ಮಧ್ಯಾಹ್ನ ಲೋ ಆಗುತ್ತೆ ಡಾಕ್ಟ್ರೇ, ಉಪವಾಸ ನನಗೆ ಆಗಿಬರಲ್ಲ" ಎಂದು ಬೇಜಾರು ಮಾಡಿಕೊಂಡಿದ್ದರು. ಪಂಪ್ ತೆಗೆದು ನೋಡಿದೆ. ಗಂಟೆಗೆ 1.1. ದಿನದ 40 ಯೂನಿಟ್‌ನಲ್ಲಿ 26 ಬೇಸಲ್‌ಗೇ ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಹನ್ನೊಂದಕ್ಕೆ ಬಾಳೆಹಣ್ಣು, ನಾಲ್ಕಕ್ಕೆ ಮಂಡಕ್ಕಿ ತಿಂದು ಆ ಇನ್ಸುಲಿನ್‌ಗೆ ಊಟ ಹಾಕುತ್ತಿದ್ದರು. ಹಸಿವಿಲ್ಲದಿದ್ದರೂ. ಒಂದು ತಿಂಗಳಲ್ಲಿ ಮೆಲ್ಲಗೆ 0.8ಕ್ಕೆ ಇಳಿಸಿದೆವು, ಊಟದ ಬೋಲಸ್ ಸರಿ ಮಾಡಿದೆವು. ಮುಂದಿನ ಏಕಾದಶಿಯ ಸಂಜೆ ಅವರಿಂದ ಮೆಸೇಜ್ ಬಂತು. ಬರೀ ಅಂಕಿಗಳು: ಹತ್ತಕ್ಕೆ 118, ಒಂದಕ್ಕೆ 109, ನಾಲ್ಕಕ್ಕೆ 114.