ಐಜಿಎಂ ಪಾಸಿಟಿವ್ ಬಂತು, ಮುಂದೇನು?

ಕಲಬುರಗಿಯಲ್ಲಿ ತೊಗರಿ ರಾಶಿ ಮಾಡುವ ಹೊತ್ತಿಗೆ ಚಳಿ, ಧೂಳು, ಕೆಮ್ಮು ಮೂರೂ ಕೂಡಿಯೇ ಬರುತ್ತವೆ. ಬಹಳಷ್ಟು ಸಲ ಕೆಮ್ಮು ತಾನಾಗಿ ಹೋಗುತ್ತದೆ. ಬಿಡದಿದ್ದರೆ ಡಾಕ್ಟರು ಒಮ್ಮೊಮ್ಮೆ ರಕ್ತ ಪರೀಕ್ಷೆಗೆ ಬರೆಯುತ್ತಾರೆ. ರಿಪೋರ್ಟಿನಲ್ಲಿ ‘ಮೈಕೋಪ್ಲಾಸ್ಮಾ ಐಜಿಎಂ ಪಾಸಿಟಿವ್’ ಎಂದಿದ್ದರೆ ಮನೆಮಂದಿಗೆಲ್ಲ ಗಾಬರಿ.

ಮೈಕೋಪ್ಲಾಸ್ಮಾ ಎಂದರೆ ಶ್ವಾಸಕೋಶಕ್ಕೆ ಸೋಂಕು ತರುವ ಒಂದು ಬ್ಯಾಕ್ಟೀರಿಯಾ. ಈ ಪರೀಕ್ಷೆ ಆ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ. ಅದರ ವಿರುದ್ಧ ನಮ್ಮ ಮೈ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಐಜಿಎಂ ಎಂದರೆ ಸೋಂಕಾದಾಗ ಮೊದಲು ಏಳುವ ಪ್ರತಿಕಾಯ, ಐಜಿಜಿ ಅದರ ಹಿಂದೆ ಬರುವುದು. ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಳಿಗಳಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ. ಅದರ ಮೇಲೆ ನಮ್ಮ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಹಾಕುತ್ತಾರೆ. ಪ್ರತಿಕಾಯ ಇದ್ದರೆ ಅಲ್ಲೇ ಹಿಡಿದುಕೊಳ್ಳುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಆಮೇಲೆ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ ಮತ್ತು ಬಣ್ಣ ಕೊಡುವ ದ್ರವ ಹಾಕಿದರೆ ಗುಳಿ ಬಣ್ಣಕ್ಕೆ ತಿರುಗುತ್ತದೆ. ಇದೇ 1971ರಲ್ಲಿ ಸ್ವೀಡನ್ನಿನಿಂದ ಬಂದ ಎಲೈಸಾ.

ತೊಡಕು ಇರುವುದು ದಿನಗಳ ಲೆಕ್ಕದಲ್ಲಿ. ಕಾಯಿಲೆಯ ಮೊದಲ ವಾರ ಐಜಿಎಂ ಕಾಣದೇ ಇರಬಹುದು. ಒಮ್ಮೆ ಬಂದರೆ ತಿಂಗಳುಗಟ್ಟಲೆ ಉಳಿಯಬಹುದು. ದೊಡ್ಡವರಿಗೆ ಎರಡನೇ ಸಲ ಸೋಂಕಾದಾಗ ಏಳದೆಯೂ ಇರಬಹುದು. ಅದಕ್ಕೇ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಐಜಿಜಿ ನಾಲ್ಕು ಪಟ್ಟು ಏರಿದೆಯಾ ಎಂದು ನೋಡಬೇಕು. ಕೆಮ್ಮು ನಿಂತ ಮೇಲೆ ಸುಮ್ನೆ ರಕ್ತ ಕೊಡಲು ಅಫಜಲಪುರದಿಂದ ಬಸ್ ಹತ್ತಿ ಬರುವವರು ಯಾರು, ಅಲ್ವಾ?

ಹಾಗಂತ ಪರೀಕ್ಷೆ ದಂಡವಲ್ಲ. ಮೈಕೋಪ್ಲಾಸ್ಮಾಕ್ಕೆ ಕೋಶಗೋಡೆಯೇ ಇಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಕೆಡಿಸುವುದು ಆ ಗೋಡೆ ಕಟ್ಟುವ ಕೆಲಸವನ್ನು. ಗೋಡೆಯೇ ಇಲ್ಲದಲ್ಲಿ ಆ ಮಾತ್ರೆ ಏನು ಮಾಡೀತು? ಡಾಕ್ಟರು ಅಜಿತ್ರೋಮೈಸಿನ್‌ನಂಥ ಬೇರೆ ಔಷಧ ಯೋಚಿಸಬೇಕಾಗುತ್ತದೆ.

ಹಿಂದೆ ಇದಕ್ಕೆ ಕಿಟ್ ಬೇಕಿರಲಿಲ್ಲ. ಹೆಪ್ಪುಗಟ್ಟದಂತೆ ಮಾಡಿದ ರಕ್ತದ ನಳಿಕೆಯನ್ನು ಮಂಜುಗಡ್ಡೆ ನೀರಿನಲ್ಲಿಡುತ್ತಿದ್ದರು. ಕೆಲ ರೋಗಿಗಳ ಪ್ರತಿಕಾಯಗಳು ತಂಪಿನಲ್ಲಿ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಗಾಜಿನ ಮೇಲೆ ಹರಳು ಹರಳಾಗಿ ಕಾಣುತ್ತಿತ್ತು. ಬೆಚ್ಚಗೆ ಮಾಡಿದರೆ ಮಾಯ! ನೋಡಲು ಚೆಂದ, ಆದರೆ ಎಲ್ಲ ರೋಗಿಗಳಲ್ಲೂ ಹೀಗಾಗುವುದಿಲ್ಲ, ಬೇರೆ ಕಾಯಿಲೆಗಳಲ್ಲೂ ಆಗುತ್ತದೆ.

ಕ್ಷಯದ ವಿಷಯ ಮಾತ್ರ ಪೂರ್ತಿ ಬೇರೆ. ರಕ್ತದಲ್ಲಿ ಪ್ರತಿಕಾಯ ನೋಡಿ ಟಿಬಿ ಎನ್ನುವ ಪರೀಕ್ಷೆ ಬೇಡವೆಂದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಇಲ್ಲದವರಿಗೆ ಇದೆ, ಇದ್ದವರಿಗೆ ಇಲ್ಲ ಎಂದು ಅದು ತಪ್ಪು ತೋರಿಸುತ್ತಿತ್ತು. 2012ರಲ್ಲಿ ಭಾರತ ಅಂಥ ಕಿಟ್‌ಗಳನ್ನು ನಿಷೇಧಿಸಿತು. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕೊಡಬೇಕಾದದ್ದು ಕಫ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಪರೀಕ್ಷೆಗೆ ದುಡ್ಡಿಲ್ಲ.