ಗೇರ್ ಲಿವರ್ ಪಕ್ಕದ ‘ಎಂ’ ಎಂಥಕ್ಕೆ ಉಂಟು ಗೊತ್ತುಂಟಾ?

ಚಾರ್ಮಾಡಿ ಘಾಟಿ ಇಳಿದು ಬಂದ ಗಾಡಿಯನ್ನು ವಾಸನೆಯಲ್ಲೇ ಗುರುತಿಸುವಷ್ಟು ಅನುಭವ ನನಗಾಗಿದೆ. ಉಜಿರೆಯಲ್ಲಿ ಗ್ಯಾರೇಜ್ ಇಟ್ಟು ಹದಿನೆಂಟು ವರ್ಷವಾಯಿತು. ಶನಿವಾರ, ಭಾನುವಾರ ಧರ್ಮಸ್ಥಳಕ್ಕೆ ಹೊರಟವರಲ್ಲಿ ಒಬ್ಬಿಬ್ಬರಾದರೂ ನಮ್ಮ ಬಾಗಿಲಲ್ಲಿ ನಿಲ್ಲಿಸಿ, ಮುಂದಿನ ಚಕ್ರ ತೋರಿಸಿ, ‘ಹೊಗೆ ಬರ್ತಿದೆ’ ಅನ್ನುತ್ತಾರೆ.

ಕಳೆದ ತಿಂಗಳು ಬಂದದ್ದು ಬೆಂಗಳೂರಿನ ಒಂದು ಕುಟುಂಬ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಆರಾಮವಾಗಿ ಇಳಿದಿದ್ದಾರೆ. ಅರ್ಧ ಘಾಟಿ ದಾಟುವಾಗ ಬ್ರೇಕ್ ಕೈಕೊಡಲು ಶುರುವಾಗಿದೆ.

‘ಪೆಡಲ್ ಒತ್ತಿದ್ರೆ ಸ್ಪಂಜ್ ಥರ ಒಳಗೆ ಹೋಗ್ತಿತ್ತು ಸಾರ್. ಸರ್ವಿಸೆಲ್ಲ ಟೈಮಿಗೆ ಮಾಡಿಸಿದ್ದೀನಿ’ ಅಂದ ಹುಡುಗ.

‘ಯಾವ ಗೇರಲ್ಲಿ ಇಳಿದದ್ದು ನೀವು?’

‘ಆಟೊಮ್ಯಾಟಿಕ್ ಸಾರ್. ಡಿ-ಯಲ್ಲೇ ಇತ್ತು.’

ಲಿವರ್ ನೋಡಿದೆ. ಗಾಡಿಯೇ ಗೇರ್ ಬದಲಿಸುವ ‘ಡಿ’ ಪಕ್ಕದಲ್ಲೇ ‘ಎಂ’, ಅಂದರೆ ಮ್ಯಾನುಯಲ್, ಗೇರನ್ನು ನಾವೇ ಬದಲಿಸುವ ಜಾಗ. ಅದರ ಆಚೀಚೆ ಗೇರ್ ಏರಿಸಲು ಪ್ಲಸ್ಸು, ಇಳಿಸಲು ಮೈನಸ್ಸು. ‘ಇದು ಎಂಥಕ್ಕೆ ಉಂಟು ಗೊತ್ತುಂಟಾ?’ ಎಂದೆ. ಹಿಂದಿನ ಸೀಟಿನಿಂದ ಅವನ ತಾಯಿ, ‘ಅದನ್ನ ಮುಟ್ಟಬೇಡ ಅಂತ ನಾನೇ ಹೇಳಿದ್ದೆ’ ಅಂದರು.

ತಪ್ಪು ಆ ತಾಯಿಯದಲ್ಲ. ಗಾಡಿ ಕೊಡುವಾಗ ಶೋರೂಮಿನವರು ಟಚ್‌ಸ್ಕ್ರೀನಿನಲ್ಲಿ ಹಾಡು ಹಾಕುವುದನ್ನು ಅರ್ಧ ಗಂಟೆ ತೋರಿಸುತ್ತಾರೆ. ‘ಎಂ’ ಬಗ್ಗೆ ಕೇಳಿದರೆ, ‘ಅದು ಸ್ಪೋರ್ಟಿಯಾಗಿ ಓಡಿಸೋರಿಗೆ’ ಎಂದು ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಮೊದಲು ಇರುವುದು ಘಾಟಿಗೆ. ಮಜಾ ಏನಿದ್ದರೂ ಆಮೇಲೆ.

ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಗೊತ್ತಿರುವುದು ಗಾಡಿಯ ವೇಗ, ಎಂಜಿನ್ ಮೇಲಿನ ಭಾರ, ನಿಮ್ಮ ಕಾಲು ಆಕ್ಸಿಲರೇಟರನ್ನು ಎಷ್ಟು ಒತ್ತಿದೆ ಎಂಬುದು. ಇಳಿಜಾರಿನಲ್ಲಿ ನೀವು ಕಾಲು ತೆಗೆದಿರಿ. ‘ಇವರಿಗೆ ಈಗ ಎಳೆತ ಬೇಡ’ ಎಂದು ಅದು ಮೇಲಿನ ಗೇರಿಗೆ ಹಾಕಿ ಪೆಟ್ರೋಲ್ ಉಳಿಸಲು ನೋಡುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ನಿನ ಹಿಡಿತ, ಅಂದರೆ ಗಾಡಿಯ ವೇಗವನ್ನು ಎಂಜಿನ್ನೇ ತಡೆದು ಹಿಡಿಯುವುದು, ಕಡಿಮೆ; ಗಾಡಿ ಜಾರಿಕೊಂಡು ಓಡುತ್ತದೆ. ಕೆಲವು ಹೊಸ ಗಾಡಿಗಳು ಇಳಿಜಾರನ್ನು ತಿಳಿದು ತಾವೇ ಒಂದು ಗೇರ್ ಇಳಿಸುತ್ತವೆ, ಅದು ನಿಜ. ಆದರೆ ಬಂಡೆಯ ಆಚೆ ತಿರುವಿದೆ, ಅಲ್ಲಿ ಬಸ್ಸೊಂದು ರಸ್ತೆಯಿಡೀ ಹಿಡಿದುಕೊಂಡು ಹತ್ತುತ್ತಿದೆ ಎಂಬುದು ಕಾಣುವುದು ನಿಮ್ಮ ಕಣ್ಣಿಗೆ ಮಾತ್ರ.

ಬ್ರೇಕ್ ಮೇಲೆ ಬೀಳುವ ಹೊರೆ ಎಷ್ಟು ಎಂದು ಹುಡುಗನಿಗೆ ಲೆಕ್ಕ ಹಾಕಿ ತೋರಿಸಿದೆ. ಜನ, ಸಾಮಾನು ಸೇರಿ ಒಂದೂವರೆ ಟನ್ ಗಾಡಿ 600 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಹುಟ್ಟುವ ಶಾಖದಲ್ಲಿ ಸುಮಾರು 25 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಒಂದು ದೊಡ್ಡ ಹಂಡೆ ನೀರು! ಎಂಜಿನ್ ಹಿಡಿದುಕೊಳ್ಳದಿದ್ದರೆ ಇದರಲ್ಲಿ ಹೆಚ್ಚಿನ ಪಾಲನ್ನು ಅಂಗೈಯಗಲದ ಪ್ಯಾಡುಗಳು ನುಂಗಬೇಕು. ಆ ಶಾಖ ಬ್ರೇಕ್ ಆಯಿಲಿಗೂ ತಟ್ಟುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಅದು ಗಾಳಿಯ ತೇವ ಹೀರಿಕೊಳ್ಳುವ ಜಾತಿಯದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ, ಪೆಡಲ್ ಸ್ಪಂಜು. ಹುಡುಗನ ಗಾಡಿಯ ಮುಚ್ಚಳ ತೆಗೆದರೆ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೂರು ವರ್ಷದಿಂದ ಬದಲಿಸಿರಲಿಲ್ಲ.

ಹಾಗಾದರೆ ಯಾವ ಗೇರಲ್ಲಿ ಇಳಿಯಬೇಕು? ಲಾರಿಯವರ ಹಳೇ ಮಾತಿದೆ: ಹತ್ತಿದ ಗೇರಲ್ಲೇ ಇಳಿ. ಸಣ್ಣ ಪೆಟ್ರೋಲ್ ಕಾರಿಗೆ ಘಾಟಿಯಲ್ಲಿ ಸಾಧಾರಣವಾಗಿ ಎರಡನೆಯದು, ರಸ್ತೆ ಸ್ವಲ್ಪ ನೆಟ್ಟಗಾದಲ್ಲಿ ಮೂರನೆಯದು. ಆಗುಂಬೆಯ 14 ತಿರುವುಗಳಂಥ ಕಡೆ ಎರಡರಲ್ಲಿ ಬಂದು ತಿರುವಿನಲ್ಲಿ ಒಂದಕ್ಕೆ ಇಳಿಸಬೇಕಾದೀತು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಇಳಿಸಿಕೊಳ್ಳಿ. ವೇಗ ಏರಿದ ಮೇಲೆ ಮೈನಸ್ ಒತ್ತಿದರೆ ಎಂಜಿನ್ ಅತಿಯಾಗಿ ತಿರುಗೀತು ಎಂದು ಕಂಪ್ಯೂಟರ್ ಒಪ್ಪುವುದಿಲ್ಲ, ‘ಟಿಂಗ್’ ಅಂದು ಸುಮ್ಮನಾಗುತ್ತದೆ. ಆಗ ಬ್ರೇಕ್ ಹಾಕಿ ವೇಗ ತಗ್ಗಿಸಿ ಮತ್ತೆ ಒತ್ತಿ.

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರಿನಲ್ಲಿ ಮುಳ್ಳು ಮೂರೂವರೆ ಸಾವಿರಕ್ಕೆ ಏರಿ ಎಂಜಿನ್ ಗುಂಯ್‌ಗುಟ್ಟಿದಾಗ ಹಲವರಿಗೆ ಹೆದರಿಕೆ. ‘ಪೆಟ್ರೋಲ್ ಕುಡೀತದೆ ಅಲ್ವಾ?’ ಇಲ್ಲ ಮಾರಾಯ್ರೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಪೂರ್ತಿ ಕಾಲು ತೆಗೆದರೆ ಈಗಿನ ಎಂಜಿನ್ನುಗಳು ಇಂಧನವನ್ನೇ ನಿಲ್ಲಿಸುತ್ತವೆ, ಎಂಜಿನ್ನನ್ನು ತಿರುಗಿಸುವುದು ಚಕ್ರ. ಉಳಿತಾಯವೆಂದು ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಐಡಲ್ ಓಡಲು ಪೆಟ್ರೋಲೂ ಹೋಯಿತು, ಹಿಡಿತವೂ ಹೋಯಿತು. ಇನ್ನು ಇಗ್ನಿಷನ್ನನ್ನೇ ಆಫ್ ಮಾಡಿ ಇಳಿಯುವ ಮಹಾನುಭಾವರಿದ್ದಾರೆ. ಅವರಿಗೆ ಬ್ರೇಕ್ ಬೂಸ್ಟರೂ ಇಲ್ಲ, ಪವರ್ ಸ್ಟೇರಿಂಗೂ ಇಲ್ಲ.

ಎಂಜಿನ್ ಹಿಡಿತವಿದ್ದರೂ ಬ್ರೇಕ್ ಬೇಕೇ ಬೇಕು. ಕಾಲನ್ನು ಸದಾ ಪೆಡಲ್ ಮೇಲೆ ಇಟ್ಟುಕೊಂಡು ಸವರುವುದಲ್ಲ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ, ವೇಗ ಇಳಿದ ಮೇಲೆ ಪೂರ್ತಿ ಬಿಡಬೇಕು. ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ. ಬಿಸಿ ಡಿಸ್ಕ್ ಮೇಲೆ ಬಾಟಲಿ ನೀರು ಸುರಿಯುವವರನ್ನು ನೋಡಿದ್ದೇನೆ. ಡಿಸ್ಕ್ ಸೊಟ್ಟಗಾಗಿ ಆಮೇಲೆ ಪ್ರತಿ ಬ್ರೇಕಿಗೂ ಸ್ಟೇರಿಂಗ್ ನಡುಗುತ್ತದೆ.

‘ಎಂ’ ಎಲ್ಲ ಗಾಡಿಯಲ್ಲೂ ಒಂದೇ ಅಲ್ಲ. ನಮ್ಮಲ್ಲಿ ಆಟೊಮ್ಯಾಟಿಕ್ಕನ್ನು ಮಧ್ಯಮ ವರ್ಗದ ಕೈಗೆ ಎಟುಕಿಸಿದ್ದು 2014ರ ಮಾರುತಿ ಸೆಲೆರಿಯೊ ಕಾರಿನೊಂದಿಗೆ ಬಂದ ಎಎಂಟಿ. ಅದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಹೀಗಾಗಿ ಇಳಿಜಾರಿನಲ್ಲಿ ಎಂಜಿನ್ ಹಿಡಿತ ಚೆನ್ನಾಗಿಯೇ ಸಿಗುತ್ತದೆ. ಆದರೆ ಗಾಡಿ ತೀರಾ ನಿಧಾನವಾದಾಗ ಕ್ಲಚ್ ಬಿಟ್ಟುಕೊಳ್ಳುವುದರಿಂದ ಅಲ್ಲಿ ಬ್ರೇಕೇ ಗತಿ. ಏರಿನಲ್ಲಿ ಟ್ರಾಫಿಕ್ ನಿಂತರೆ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ತೂಗಾಡಿಸಬೇಡಿ, ಕ್ಲಚ್ ಪ್ಲೇಟ್ ಸುಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಎರಡು ಕ್ಲಚ್ ಇರುವ ಗೇರ್‌ಬಾಕ್ಸಿಗೆ ಡಿಸಿಟಿ ಅನ್ನುತ್ತಾರೆ; ಅದರಲ್ಲಿ ಎಣ್ಣೆಯಲ್ಲಿ ಮುಳುಗಿರದ, ಒಣ ಕ್ಲಚ್ಚಿನದಕ್ಕೂ ಇದೇ ಮಾತು. ಜಾಮಿನಲ್ಲಿ ಹತ್ತುವಾಗ ಅದು ಒಂದು, ಎರಡು, ಒಂದು, ಎರಡು ಎಂದು ಗೊಂದಲ ಪಡುತ್ತಿರುತ್ತದೆ. ‘ಎಂ’ಗೆ ಹಾಕಿ ಒಂದರಲ್ಲೇ ಹಿಡಿದಿಟ್ಟರೆ ಆ ತಿಕ್ಕಾಟ ಕಡಿಮೆ.

ಕ್ಲಚ್ ಬದಲು ಎಣ್ಣೆಯ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್ ಗಾಡಿಗಳು ಇದನ್ನೆಲ್ಲ ಸಮಾಧಾನದಿಂದ ಸಹಿಸಿಕೊಳ್ಳುತ್ತವೆ. ಅವುಗಳ ಬಗ್ಗೆ ನನಗೆ ಹೆಚ್ಚು ದೂರಿಲ್ಲ. ಸಿವಿಟಿಯಲ್ಲಿ ಗೇರ್ ಹಲ್ಲುಗಳ ಮೆಟ್ಟಿಲೇ ಇಲ್ಲ, ಎರಡು ಪುಲ್ಲಿಗಳ ನಡುವೆ ಒಂದು ಬೆಲ್ಟ್. ಸ್ಟೇರಿಂಗ್ ಹಿಂದಿರುವ ಗೇರ್ ಬದಲಿಸುವ ಪ್ಯಾಡಲ್ ಒತ್ತಿದಾಗ ಕಾಣುವ ಆರೇಳು ‘ಗೇರು’ ಸಾಫ್ಟ್‌ವೇರ್ ಕಟ್ಟಿಕೊಟ್ಟ ಮೆಟ್ಟಿಲು. ಕಟ್ಟಿಕೊಟ್ಟದ್ದಾದರೂ ಇಳಿಜಾರಿನಲ್ಲಿ ಕೆಲಸ ಮಾಡುತ್ತದೆ. ಪ್ಯಾಡಲ್ ಇಲ್ಲದಿದ್ದರೆ ‘ಎಸ್’ ಅಥವಾ ‘ಎಲ್’ಗೆ (ಲೋ, ಕೆಳಗಿನ ಗೇರು) ಹಾಕಿ. ಹಳೇ ನಾಲ್ಕು ಗೇರಿನ ಗಾಡಿಗಳಲ್ಲಿ ‘2’, ‘ಎಲ್’ ಎಂಬ ಜಾಗಗಳೂ ಲಿವರಿನ ಪಕ್ಕ ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) ಆಫ್ ಮಾಡುವ ಗುಂಡಿಯೂ ಇದ್ದವು. ಅವುಗಳ ಕೆಲಸವೂ ಇದೇ.

‘ಎಸ್’ ಅಂದೆನಲ್ಲ, ಸ್ಪೋರ್ಟ್ ಮೋಡ್. ಅದನ್ನು ಒತ್ತಿದರೆ ಎಂಜಿನ್ನಿಗೆ ಹೊಸ ಕುದುರೆಗಳೇನೂ ಬಂದು ಸೇರುವುದಿಲ್ಲ. ಗೇರ್ ತಡವಾಗಿ ಮೇಲೇರುತ್ತದೆ, ಬೇಗ ಕೆಳಗಿಳಿಯುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಹೆಚ್ಚು ಒತ್ತಿದಂತೆ ಲೆಕ್ಕ. ಕೆಲವದರಲ್ಲಿ ಸ್ಟೇರಿಂಗೂ ಭಾರವಾಗುತ್ತದೆ. ಘಾಟಿ ಹತ್ತುವಾಗ ನನಗೆ ‘ಎಂ’ಗಿಂತ ಇದೇ ಇಷ್ಟ. ತಿರುವಿನಿಂದ ಹೊರಬರುವಾಗ ಎಳೆತ ಸಿದ್ಧವಾಗಿರುತ್ತದೆ, ಎರಡೂ ಕೈ ಸ್ಟೇರಿಂಗ್ ಮೇಲಿರುತ್ತವೆ. ನೆಟ್ಟಗಿನ ಹೈವೇಯಲ್ಲಿ ಅದನ್ನು ಹಾಕಿಟ್ಟು ಓಡಿಸುವುದು ಬರೀ ಗದ್ದಲ. ಮೈಲೇಜೂ ಹೋಯಿತು.

ಆದರೆ ಓವರ್‌ಟೇಕಿಗೆ ‘ಎಂ’ ಬಳಸುವುದೇ ವಾಸಿ, ಅದರಲ್ಲೂ ಎಎಂಟಿ ಓಡಿಸುವವರು. ಲಾರಿಯ ಹಿಂದಿನಿಂದ ಹೊರಗೆ ಬಂದ ಮೇಲೆ ಆಕ್ಸಿಲರೇಟರ್ ತುಳಿದರೆ ಗೇರ್‌ಬಾಕ್ಸ್ ಯೋಚಿಸಿ, ಕ್ಲಚ್ ಬಿಟ್ಟು, ಗೇರ್ ಇಳಿಸಿ, ಮತ್ತೆ ಹಿಡಿಯುವಷ್ಟರಲ್ಲಿ ತಲೆ ಒಮ್ಮೆ ಮುಂದಕ್ಕೆ ತೂಗುತ್ತದೆ. ಎದುರಿನಿಂದ ಬಸ್ಸು ಬರುತ್ತಿದ್ದರೆ ಆ ಒಂದು ಕ್ಷಣ ಬಹಳ ದೊಡ್ಡದು. ಲಾರಿಯ ಹಿಂದೆ ಇದ್ದಾಗಲೇ ಒಂದು ಗೇರ್ ಇಳಿಸಿಕೊಂಡು ಕಾಯಿರಿ. ಪ್ಲಸ್ ಯಾವ ಕಡೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಕೆಲವು ಗಾಡಿಗಳಲ್ಲಿ ಮುಂದಕ್ಕೆ ತಳ್ಳಿದರೆ ಗೇರ್ ಏರುತ್ತದೆ, ಕೆಲವದರಲ್ಲಿ ಹಿಂದಕ್ಕೆ ಎಳೆದರೆ. ಮನೆಯ ಎರಡು ಕಾರುಗಳಲ್ಲೇ ಉಲ್ಟಾ ಇರುವುದುಂಟು.

ಹುಡುಗನ ಗಾಡಿಗೆ ಆಯಿಲ್ ಬದಲಿಸಿ, ಪ್ಯಾಡ್ ಉಜ್ಜಿ ಹಾಕಿ, ಬೆಳ್ತಂಗಡಿ ರಸ್ತೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ‘ಎಂ’ ತೋರಿಸಿಕೊಟ್ಟೆ. ನಾಲ್ಕು ಸಲ ಇಳಿಸಿ ಏರಿಸಿದ್ದೇ ಹೆದರಿಕೆ ಹೋಯಿತು. ಎರಡು ದಿನ ಬಿಟ್ಟು ಬೆಂಗಳೂರಿನಿಂದ ಫೋನ್: ‘ಸಾರ್, ಆಯಿಲ್ ಬದಲಿಸಿದ ಮೇಲೆ ಎಂಜಿನ್ ತುಂಬಾ ಕೂಗ್ತಿದೆ, ಮೈಲೇಜೂ ಬರ್ತಿಲ್ಲ.’

‘ಮೀಟರಲ್ಲಿ ಎಂಥ ತೋರಿಸ್ತದೆ ಈಗ?’

ಸ್ವಲ್ಪ ಹೊತ್ತು ಸದ್ದಿಲ್ಲ.

‘ಎಂ ಮೂರು, ಸಾರ್.’